ಹೆಸರು ಹುಡುಕುವ ಹೊತ್ತು

ಗೆರೆ ಇಪ್ಪತ್ತೈದಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತು. ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಪರದೆಯ ಮೂಲೆಯಲ್ಲಿ ತೆರೆದಿಟ್ಟಿದ್ದ ಟಾಸ್ಕ್ ಮ್ಯಾನೇಜರನ್ನು, ಕಂಪ್ಯೂಟರು ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಆ ಗೆರೆಯನ್ನು, ಅಶ್ವಿನಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಅವಳ ಅಪ್ಪ ಅಮರಗುಂಡಪ್ಪ ಮಾಸ್ತರು ಟೇಬಲ್ ಫ್ಯಾನನ್ನು ಎತ್ತಿ ಕಂಪ್ಯೂಟರಿನ ಡಬ್ಬಿಗೆ ಎದುರಾಗಿ ಇಟ್ಟರು. ಬೆಂಚಿನ ಮೇಲೆ ಕೂತಿದ್ದ ಗೊರೇಬಾಳದ ಮಾರೆಮ್ಮ, ತನಗೆ ಬರುತ್ತಿದ್ದ ಗಾಳಿಯೂ ಹೋಯಿತಲ್ಲ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಜಳಾ ಹತ್ತೈತಿ ಅದಕ್ಕ," ಎಂದರು ಮಾಸ್ತರು. "ಬಿಸಲು ಏರಿದ್ರ ಹಿಂಗ ಮಾಡ್ತೈತಿ."

"ಬಿಸಲಿಂದ ಅಲ್ಲಪ್ಪಾ. ಮುಂಜಾನೆ ತಂಪಿನಾಗೂ ಒಮ್ಮೊಮ್ಮೆ ಹಿಂಗ ನಿಲ್ತೈತಿ," ಎಂದಳು ಅಶ್ವಿನಿ.

"ಹಂಗಾರ ಮತ್ಯಾತರಿಂದ?"

"ಅದನ್ನ ನೋಡಾಕತ್ತೀನಿ."

ಮಸ್ಕಿಯ ಬಸ್‌ ಸ್ಟ್ಯಾಂಡಿನ ಎದುರಿಗಿದ್ದ ಆ ಸಣ್ಣ ಅಂಗಡಿಯಲ್ಲಿ ಝೆರಾಕ್ಸು, ಲ್ಯಾಮಿನೇಶನ್ನು, ಅರ್ಜಿ ತುಂಬುವುದು ಎಲ್ಲ ನಡೆಯುತ್ತಿದ್ದರೂ ಜನ ಹೆಚ್ಚಾಗಿ ಬರುತ್ತಿದ್ದುದು ಸಾಲಾವಳಿಗೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮಾಸ್ತರು, ಹುಡುಗ ಹುಡುಗಿಯ ಜಾತಕ ಕೂಡುತ್ತದೋ ಇಲ್ಲವೋ ನೋಡುವ ಪ್ರೋಗ್ರಾಮನ್ನು ತಾವೇ ಕೂತು ಬರೆದಿದ್ದರು. ಹುಟ್ಟಿದ ಹೊತ್ತು ಗೊತ್ತಿದ್ದರೆ ಅದರ ಮೇಲೆ, ಇಬ್ಬರಲ್ಲಿ ಒಬ್ಬರದು ಗೊತ್ತಿಲ್ಲದಿದ್ದರೂ ಇಬ್ಬರ ಹೆಸರಿನ ಮೊದಲ ಅಕ್ಷರದ ಮೇಲೆ. ಇದನ್ನೇ ಹೇಳುವ ಆ್ಯಪುಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಆದರೂ ಮಾಸ್ತರ ಸಹಿ ಬಿದ್ದ ಹಾಳೆಯ ಕಿಮ್ಮತ್ತು ಆ್ಯಪಿಗೆ ಇರಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಮಾಸ್ತರ ಪ್ರೋಗ್ರಾಮಿನಲ್ಲಿ ಸಂಬಂಧ ಕೂಡಿ ಬರಲಿಲ್ಲ ಎಂದು ಎದ್ದು ಹೋದವರು ಯಾರೂ ಇರಲಿಲ್ಲ.

ಅಶ್ವಿನಿ ಸಿಂಧನೂರಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವ ಕೆಲಸ. ಮನೆಯ ಪ್ರೋಗ್ರಾಮಿನ ತಂಟೆಗೆ ಅವಳು ಎಂದೂ ಹೋದವಳಲ್ಲ. ಈಗ ಹೋಗಬೇಕಾಗಿ ಬಂದಿತ್ತು, ಏಕೆಂದರೆ ಬರುವ ರವಿವಾರ ಗುರುಗುಂಟಾದಿಂದ ಶಿವಕಾಂತಪ್ಪನವರು ಮಗ ಚನ್ನವೀರನನ್ನು ಕರೆದುಕೊಂಡು ಬರುವವರಿದ್ದರು. ಹುಡುಗ ದನದ ದವಾಖಾನೆಯಲ್ಲಿ ಇನ್‌ಸ್ಪೆಕ್ಟರು. ಹುಡುಗಿ, ಅಂದರೆ ಅಶ್ವಿನಿ, ಅವರಿಗೆ ಒಪ್ಪಿಗೆಯಾಗಿದ್ದಳು. ಉಳಿದದ್ದು ಸಾಲಾವಳಿ ಒಂದೇ. ಅದನ್ನು ಮಾಸ್ತರ ಕಂಪ್ಯೂಟರಿನಲ್ಲೇ, ಎರಡೂ ಕಡೆಯವರ ಕಣ್ಣ ಮುಂದೆಯೇ ನೋಡಬೇಕು, ಅಲ್ಲಿಯವರೆಗೆ ಯಾರೂ ನೋಡಬಾರದು ಎಂದು ಶಿವಕಾಂತಪ್ಪನವರು ಹೇಳಿ ಕಳಿಸಿದ್ದರು. ಅಷ್ಟು ಜನರ ಮುಂದೆ ಕಂಪ್ಯೂಟರು ಕೈಕೊಟ್ಟರೆ ಮಾನ ಹೋಗುತ್ತದೆಂದು ಮಾಸ್ತರಿಗೆ ಚಿಂತೆ.

ಅಶ್ವಿನಿಯ ಚಿಂತೆ ಬೇರೆ. ಚನ್ನವೀರ ಅವಳ ಮನಸ್ಸಿಗೆ ಬಂದಿದ್ದ. ಲಿಂಗಸುಗೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿರಿ ಎಂದು ಬಿಟ್ಟಾಗ ಅವನು ಅಡುಗೆ ಬರುತ್ತದೆಯೇ ಎಂದು ಕೇಳಿರಲಿಲ್ಲ. "ಕಂಪ್ಯೂಟರಿಗೆ ದಣಿವಾಗೈತಿ ಅಂತ ಹೆಂಗ ತಿಳೀತೈತ್ರಿ?" ಎಂದು ಕೇಳಿದ್ದ. ಅವಳು ಸಿಪಿಯು, ಮೆಮೊರಿ, ಡಿಸ್ಕು ಎಂದು ಹೇಳುತ್ತ ಹೋದಂತೆ ಕುರ್ಚಿ ಮುಂದೆ ಎಳೆದುಕೊಂಡು, "ನಮ್ಮದೂ ಹಂಗ. ಎಮ್ಮಿ ತನಗೇನಾಗೈತಿ ಅಂತ ಹೇಳಂಗಿಲ್ಲ. ಜ್ವರ ಅಳದು, ಉಸುರು ಎಣಿಸಿ ನಾವೇ ತಿಳ್ಕೋಬೇಕು," ಎಂದಿದ್ದ. ತಾನು ಮಾಡುವ ಕೆಲಸದ ಬಗ್ಗೆ ಒಬ್ಬರು ಹೀಗೆ ಕುತೂಹಲದಿಂದ ಕೇಳಿದ್ದು ಅವಳಿಗೆ ಅದೇ ಮೊದಲು. ಬಸ್ಸಿನಲ್ಲಿ ಮಸ್ಕಿಗೆ ಬರುವಾಗ ದಾರಿಯುದ್ದಕ್ಕೂ ಅದೇ ನೆನಪಾಗಿ ನಗು ಬರುತ್ತಿತ್ತು.

"ನನ್ನ ಪ್ರೋಗ್ರಾಮಿನ್ಯಾಗ ಕೈ ಹಾಕಬ್ಯಾಡ ಮತ್ತ," ಎಂದು ಮಾಸ್ತರು ಮೊದಲೇ ಎಚ್ಚರಿಸಿದ್ದರು.

"ಕೈ ಹಾಕಂಗಿಲ್ಲ. ಬರೇ ಅಳೀತೀನಿ."

ಅಳೆಯುತ್ತ ಹೋದಂತೆ ಅವಳಿಗೆ ರುಚಿ ಹತ್ತಿತು. ಮೆಮೊರಿ ಕಡಿಮೆಯಾಗಿದೆ, ಹೊಸದು ಹಾಕಿಸಿರಿ ಎಂದು ಪಕ್ಕದ ಟೇಲರ್ ಕರೀಂಸಾಬ್ ಹೇಳುತ್ತಲೇ ಇದ್ದ. ಅವನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟರೆ ಸರಿಹೋಗುವಂತೆ ಕಂಪ್ಯೂಟರಿಗೆ ಮೆಮೊರಿ ಎಂದು ಅವನ ತಿಳಿವಳಿಕೆ. ಅಶ್ವಿನಿ ನೋಡಿದರೆ ಮೆಮೊರಿ ಅರ್ಧಕ್ಕರ್ಧ ಖಾಲಿ ಬಿದ್ದಿತ್ತು. ಡಿಸ್ಕೂ ತನ್ನಷ್ಟಕ್ಕೆ ಆರಾಮಾಗಿತ್ತು. ಸಿಪಿಯು ಮಾತ್ರ ಶೇಕಡಾ ಇಪ್ಪತ್ತೈದಕ್ಕೆ ಏರಿ ಗೂಟ ಹೊಡೆದಂತೆ ನಿಲ್ಲುತ್ತಿತ್ತು. ಅದರ ಅರ್ಥ ಅವಳಿಗೆ ಬೇಗ ಹೊಳೆಯಿತು. ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಕೋರುಗಳು ನಾಲ್ಕು. ಹಳೆಯ ಕಾಲದ ಪ್ರೋಗ್ರಾಮು ಒಂದನ್ನೇ, ಅಂದರೆ ಕಾಲು ಭಾಗವನ್ನೇ, ದುಡಿಸುತ್ತಿತ್ತು. ಒಬ್ಬಳು ಬಗ್ಗಿ ನಾಟಿ ಹಚ್ಚುವಾಗ ಮೂವರು ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಂತೆ. ಆ ಒಬ್ಬಳು ಮಾತ್ರ ಒಂದು ಕ್ಷಣವೂ ಬಿಡುವಿಲ್ಲದೆ ಏನೋ ಮಾಡುತ್ತಿದ್ದಳು. ಏನು ಮಾಡುತ್ತಿದ್ದಳು?

ಒಂದೇ ಜೋಡಿಯ ಹೆಸರನ್ನು ಮುಂಜಾನೆ ಹಾಕಿ ನೋಡಿದಳು, ಮಟಮಟ ಮಧ್ಯಾಹ್ನ ಹಾಕಿ ನೋಡಿದಳು, ಫ್ಯಾನು ಬಂದ್ ಮಾಡಿ ನೋಡಿದಳು. ಹಿಡಿದ ಹೊತ್ತು ಅಷ್ಟೇ. ಜೋಡಿ ಬದಲಿಸಿದರೆ ಮಾತ್ರ ಬದಲಾಗುತ್ತಿತ್ತು. ಕೆಲವಕ್ಕೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಕೆಲವಕ್ಕೆ ನಾಲ್ಕು ನಿಮಿಷ ದಾಟಿದರೂ ಇಲ್ಲ. ಕಂಪ್ಯೂಟರಿಗೆ ಬಿಸಿಲಿನ ಗೊಡವೆ ಇಲ್ಲ, ಅದಕ್ಕೆ ಮನುಷ್ಯರ ಗೊಡವೆ ಇದೆ ಎಂದು ಅವಳಿಗೆ ಅನಿಸಿತು.

ಈ ಹೊತ್ತು, ಬೆಂಚಿನ ಮೇಲೆ ಕಾಯುತ್ತಿದ್ದ ಮಾರೆಮ್ಮನ ಮಗಳ ಸರದಿ. ಗೆರೆ ಇಳಿಯಿತು, ಪ್ರಿಂಟರು ಕಿರುಗುಟ್ಟಿತು, ಮಾಸ್ತರು ಹಾಳೆ ತೆಗೆದು ಸಹಿ ಹಾಕಿದರು.

"ಕೂಡಿ ಬಂದೈತಿ ನೋಡವ್ವಾ. ದುರ್ಗಾದೇವಿ ಅನ್ನೋ ಹೆಸರು ಕೂಡಂಗಿಲ್ಲ. ಲಗ್ನದಾಗ ಅಕ್ಕಿ ಕಾಳು ಹಾಕೂ ಹೊತ್ತಿಗೆ ಆಕೀಗೆ ಪಾರ್ವತಿ ಅಂತ ಇಡ್ರಿ, ಎಲ್ಲಾ ಬರೋಬ್ಬರಿ ಆಗ್ತೈತಿ."

"ಆಗ್ಲಿರಿ ಯಪ್ಪಾ, ಹೆಸರಿಗೇನೈತಿ. ಪಾರ್ವತಿ ಅಂದ್ರ ಪಾರ್ವತಿ. ಬಾಳ್ವೆ ಚೊಲೊ ಆದ್ರ ಸಾಕು," ಎಂದು ಮಾರೆಮ್ಮ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಎದ್ದಳು.

ಅವಳು ರಸ್ತೆ ದಾಟಿ ಬಸ್ಸು ಹತ್ತುವವರೆಗೂ ಅಶ್ವಿನಿ ನೋಡುತ್ತಲೇ ಇದ್ದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಜಲ್ದಿ ಬಂದ ಹಾಳಿ ಒಳಗ ಹೊಸ ಹೆಸರು ಇರಂಗಿಲ್ಲ, ಹೌದಿಲ್ಲಪ್ಪಾ?" ಎಂದಳು.

"ಇರಂಗಿಲ್ಲ. ಅವು ಇದ್ದ ಹೆಸರಿಗೇ ಕೂಡಿರ್ತಾವು."

"ಅಂದ್ರ ತಡಾ ಆಗೋದು ಹುಡುಗೀಗೆ ಹೆಸರು ಹುಡುಕೂವಾಗ."

ಮಾಸ್ತರ ಮುಖ ಅರಳಿತು. ತಮ್ಮ ಪ್ರೋಗ್ರಾಮಿನ ಬಗ್ಗೆ ಮಗಳು ಒಂದು ಪ್ರಶ್ನೆ ಕೇಳಲಿ ಎಂದು ಅವರು ಎಷ್ಟು ವರ್ಷದಿಂದ ಕಾದಿದ್ದರೋ. ಕೈ ಹಾಕಬೇಡ ಎಂದವರೇ ಕುರ್ಚಿ ಎಳೆದು ಕೂರಿಸಿ ಒಳಗಿನ ಸಾಲುಗಳನ್ನು ತೆರೆದು ತೋರಿಸಿದರು. ಶಾಲೆಯಲ್ಲಿ ತಮ್ಮ ಕೈಯಲ್ಲಿ ಕಲಿತ ಮಕ್ಕಳೆಲ್ಲರ ಹೆಸರನ್ನು ಒಂದು ಫೈಲಿನಲ್ಲಿ ಸೇರಿಸಿದ್ದರು. ಹೊಸ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅದಕ್ಕೆ ಕೂಡಿಸುತ್ತ ಬಂದಿದ್ದರು. ಸಂಬಂಧ ಕೂಡದಿದ್ದರೆ ಪ್ರೋಗ್ರಾಮು ಆ ಫೈಲಿಗೆ ಹೋಗಿ ಒಂದೊಂದೇ ಹೆಸರನ್ನು ಹುಡುಗಿಗೆ ಇಟ್ಟು ನೋಡುತ್ತಿತ್ತು. ಯಾವುದಕ್ಕೆ ಹೆಚ್ಚು ಗುಣ ಕೂಡುತ್ತವೋ ಅದನ್ನು ಹೇಳುತ್ತಿತ್ತು.

"ಇಲ್ಲ ಅನ್ನೋದು ಭಾಳ ಸಸಾರ ಐತಿ," ಎಂದರು ಮಾಸ್ತರು. "ಕೂಡಂಗಿಲ್ಲ ಅಂತ ಹಾಳಿ ಕೊಟ್ಟು ಕಳಿಸಿಬಿಟ್ರ ಆ ಹುಡುಗಿ ಗತಿ ಏನು? ಅದಕ್ಕ ನಾ ಇದನ್ನ ಬರದೆ."

ಅಶ್ವಿನಿ ಸಾಲುಗಳ ನಡುವೆ ಹೊತ್ತು ಅಳೆಯುವ ತನ್ನದೊಂದು ಸಾಲನ್ನು ಅಲ್ಲಲ್ಲಿ ಸೇರಿಸಿ ಓಡಿಸಿದಳು. ಎಲ್ಲಿ ಎಷ್ಟು ಹೊತ್ತು ಹೋಗುತ್ತಿದೆ ಎಂಬುದು ಕನ್ನಡಿಯಲ್ಲಿ ಕಂಡಂತೆ ಕಂಡಿತು. ಪ್ರೋಗ್ರಾಮು ಒಂದೊಂದು ಹೆಸರಿಗೂ ಇಡೀ ಫೈಲನ್ನು ಮೊದಲಿನಿಂದ ಓದುತ್ತಿತ್ತು. ಅದು ಹಳೆಯ ಕಾಲದವರು ಮಾಡುವ ತಪ್ಪು, ತಿದ್ದುವುದು ಕಷ್ಟವಲ್ಲ. ಇನ್ನೊಂದು ಜಾಗ ಅವಳ ಕಣ್ಣನ್ನು ಹಿಡಿದು ನಿಲ್ಲಿಸಿತು. ಫೈಲಿನಲ್ಲಿ ಗಂಡುಮಕ್ಕಳ ಹೆಸರೂ ಇದ್ದವು. ಹೋಗುವ ಹೊತ್ತಿನಲ್ಲಿ ಅರ್ಧದಷ್ಟು ಅವುಗಳ ಪಾಲು. ಪ್ರತಿ ಸಲವೂ ಅವನ್ನು ಓದುವುದು, ಗಂಡು ಎಂದು ತಿಳಿದ ಕೂಡಲೇ ಬಿಟ್ಟು ಮುಂದೆ ಹೋಗುವುದು. ಅದಕ್ಕೊಂದು ಸಾಲು ಇತ್ತು. ಗಂಡಾದರೆ ದಾಟು.

"ಇದನ್ನ ಈಗ ತಿದ್ದಲೇನಪ್ಪಾ?"

"ಬ್ಯಾಡ ಬ್ಯಾಡ. ಗುರುಗುಂಟಾದವ್ರು ಬಂದು ಹೋಗ್ಲಿ. ಅವ್ರ ಮುಂದ ಏನರ ಕೆಟ್ಟು ಕುಂತ್ರ?"

ಮಾಸ್ತರು ಊಟಕ್ಕೆ ಒಳಗೆ ಹೋದಾಗ ಅಂಗಡಿಯಲ್ಲಿ ಅವಳೊಬ್ಬಳೇ ಉಳಿದಳು. ತನ್ನ ಹೆಸರು, ಚನ್ನವೀರನ ಹೆಸರು ಒತ್ತಿ ಎಂಟರ್ ಕೊಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ನೂರು ಜೋಡಿ ಅಳೆದವಳಿಗೆ ಆ ಒಂದು ಜೋಡಿ ಅಳೆಯಲು ಧೈರ್ಯವಾಗಲಿಲ್ಲ. ಹೆದರಿಕೆಯಾಯಿತು. ಕೈ ಕೀಬೋರ್ಡಿನ ತನಕ ಹೋಗಿ ವಾಪಸು ಬಂತು.

ಅಂಗಡಿಯ ಹಿಂದೆಯೇ ಮನೆ. ಅವ್ವ ಶೇಖರಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವ್ವನ ತವರಿನವರು ಅವಳನ್ನು ಈಗಲೂ ನೀಲಮ್ಮ ಎಂದೇ ಕರೆಯುತ್ತಾರೆ. ಅಶ್ವಿನಿ ಅದನ್ನು ಚಿಕ್ಕಂದಿನಿಂದ ಕೇಳಿದವಳು. ಆದರೆ ಅದರ ಬಗ್ಗೆ ಕೇಳಬೇಕೆಂದು ಅವಳಿಗೆ ಎಂದೂ ಅನಿಸಿರಲಿಲ್ಲ.

"ಯವ್ವಾ, ಹೆಸರು ಬದ್ಲಿ ಮಾಡಿದಾಗ ಹೆಂಗ ಅನಸ್ತು ನಿನಗ?"

ಶೇಖರಮ್ಮ ರೊಟ್ಟಿ ತಿರುವಿ ಹಾಕಿದಳು. "ಏನು ಅನಸ್ತೈತಬೇ. ಇಲ್ಲಿ ಬಂದ ಹೊಸದಾಗಿ ಶೇಖರಮ್ಮಾ ಅಂತ ನಮ್ಮತ್ತಿ ಕರಿಯಾಕಿ. ಯಾರನ್ನೋ ಕರಿಯಾಕತ್ತಾರ ಅಂತ ನಾ ಸುಮ್ಮ ಕುಂದರತಿದ್ದೆ. ಸೊಕ್ಕಿನಾಕಿ, ಕರದ್ರ ಓ ಅನ್ನಂಗಿಲ್ಲ ಅಂದ್ರು. ಭಾಳ ಅತ್ತೀನಿ ಅವಾಗ." ರೊಟ್ಟಿ ಬುಟ್ಟಿಗೆ ಹಾಕಿ, "ಆದ್ರ ಅವತ್ತು ಹೆಸರು ಬದ್ಲಿ ಮಾಡದಿದ್ರ ನಿಮ್ಮಪ್ಪನ ಕೂಡ ಲಗ್ನ ಮುರೀತಿತ್ತು. ನಿಮ್ಮಪ್ಪ ಅದನ್ನ ಮರತಿಲ್ಲ. ಅದಕ್ಕ ಆ ಪ್ರೋಗ್ರಾಮು ಹಂಗ ಬರದಾರ," ಎಂದಳು.

ಅಪ್ಪನ ಮೇಲೆ ಸಿಟ್ಟು ಮಾಡಬೇಕೆಂದರೂ ಅಶ್ವಿನಿಗೆ ಆಗಲಿಲ್ಲ. ಒಳ್ಳೆಯ ಮನಸ್ಸಿನಿಂದ ಬರೆದದ್ದು. ಆದರೂ ಅವಳಿಗೆ ತನ್ನ ಹೆಸರು ಬೇಕಾಗಿತ್ತು. ಆ ಹೆಸರಿನಲ್ಲಿ ಅವಳು ಓದಿದ್ದಳು, ಆ ಹೆಸರಿಗೆ ಸಿಂಧನೂರಿನಲ್ಲಿ ಮಿಸ್ ಎಂದು ಸೇರಿಸಿ ಕರೆಯುವ ಹುಡುಗಿಯರಿದ್ದರು. ಹೆಸರೂ ಉಳಿಯಬೇಕು, ಚನ್ನವೀರನೂ ಬೇಕು. ಎರಡೂ ಬೇಕೆನ್ನುವುದು ಆಸೆಬುರುಕತನವೇ ಎಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಎಷ್ಟೋ ಸಲ ಯೋಚಿಸಿದಳು.

ರವಿವಾರ ಗುರುಗುಂಟಾದವರು ಬಂದರು. ಶಿವಕಾಂತಪ್ಪನವರದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಮೂರು ಬೆರಳ ವಿಭೂತಿ. ಚಹಾ, ಚೂಡಾ ಆದ ಮೇಲೆ ಎಲ್ಲರೂ ಅಂಗಡಿಗೆ ಬಂದು ಕೂತರು. ಶೇಖರಮ್ಮ ಮನೆಯ ಬಾಗಿಲಲ್ಲೇ ನಿಂತಳು. ಕಂಪ್ಯೂಟರಿನ ಕೆಲಸವೆಂದು ಅಶ್ವಿನಿಗೆ ಅಪ್ಪನ ಪಕ್ಕದ ಕುರ್ಚಿ ಸಿಕ್ಕಿತು. ಚನ್ನವೀರ ಅವಳನ್ನು ನೋಡಿ ನಕ್ಕ. ಅವಳಿಗೆ ನಗು ಬರಲಿಲ್ಲ.

"ಹುಡುಗ ಹುಟ್ಟಿದ ಹೊತ್ತು ನಮಗ ಮಾಲೂಮಿಲ್ರಿ ಮಾಸ್ತರ," ಎಂದರು ಶಿವಕಾಂತಪ್ಪ. "ದನ ಮನೀಗೆ ಬರೋ ಹೊತ್ತು ಅಂತ ಅವರಜ್ಜಿ ಅಂತಿದ್ಲು, ಅಷ್ಟ."

"ಹಂಗಾರ ಇಬ್ಬರದೂ ಹೆಸರಿನ ಮ್ಯಾಲೆ ನೋಡೂಣು," ಎಂದು ಮಾಸ್ತರು ದೇವರನ್ನು ನೆನೆದು ಎರಡು ಬೆರಳಿನಿಂದ ಹೆಸರು ಒತ್ತಿದರು. ವಧು ಅಶ್ವಿನಿ. ವರ ಚನ್ನವೀರ. ಎಂಟರ್.

ಉತ್ತರ ಬರಲಿಲ್ಲ. ಮೂಲೆಯಲ್ಲಿ ಗೆರೆ ಮೆಲ್ಲಗೆ ಎದ್ದು ಇಪ್ಪತ್ತೈದಕ್ಕೆ ಹೋಗಿ ನಿಂತಿತು.

ಮಾಸ್ತರಿಗೂ ತಿಳಿಯಿತು. ಅವರು ಮಗಳ ಕಡೆ ನೋಡಲಿಲ್ಲ, ಕೈ ಚಾಚಿ ಫ್ಯಾನನ್ನು ಡಬ್ಬಿಯ ಕಡೆ ತಿರುಗಿಸಿದರು. "ಸ್ವಲ್ಪ ತಡಾ ಆಗ್ತೈತಿ. ಜಳಾ ಐತಲ್ಲ," ಎಂದರು.

ಅಶ್ವಿನಿ ಗೆರೆಯನ್ನೇ ನೋಡುತ್ತಿದ್ದಳು. ಈಗ ಅಲ್ಲಿ ಒಳಗೆ ತನಗೆ ಒಂದೊಂದೇ ಹೆಸರು ಇಟ್ಟು ನೋಡಲಾಗುತ್ತಿದೆ. ಅಪ್ಪನ ಶಾಲೆಯಲ್ಲಿ ಕಲಿತ ಯಾವಳೋ ಹುಡುಗಿಯ ಹೆಸರು ಇನ್ನು ಸ್ವಲ್ಪ ಹೊತ್ತಿಗೆ ತನ್ನದಾಗುತ್ತದೆ. ಎಲ್ಲರೂ ಚೊಲೊ ಆತು ಎನ್ನುತ್ತಾರೆ.

"ಕೂಡಿ ಬಂದಿಲ್ರಿ," ಎಂದಳು.

ಶಿವಕಾಂತಪ್ಪ ಪರದೆಯನ್ನೂ ಅವಳನ್ನೂ ನೋಡಿದರು. "ಅದು ಇನ್ನಾ ಏನೂ ಹೇಳಿಲ್ಲಲ್ಲವ್ವಾ?"

"ಕೂಡಿದ್ರ ಇಷ್ಟೊತ್ತಿಗೆ ಹೇಳ್ತಿತ್ರಿ. ಬ್ಯಾರೆ ಜೋಡಿ ಹಾಕಿ ನಾ ಅಳದು ನೋಡೀನಿ. ಈಗ ಅದು ನನಗ ಬ್ಯಾರೆ ಹೆಸರು ಹುಡುಕಾಕತ್ತೈತಿ." ಅವಳು ಮೌಸಿನ ಕಡೆ ಕೈ ಚಾಚಿದಳು. "ನನಗ ಬ್ಯಾರೆ ಹೆಸರು ಬ್ಯಾಡ್ರಿ. ಅದು ಯಾವುದಂತ ತಿಳಿಯೋದೂ ಬ್ಯಾಡ."

ಮೌಸು ಹಿಡಿದು ಎಂಡ್ ಟಾಸ್ಕ್ ಒತ್ತಿದಳು. ಗೆರೆ ದಬಕ್ಕನೆ ನೆಲಕ್ಕಿಳಿಯಿತು. ಮಾಸ್ತರ ಪ್ರೋಗ್ರಾಮು ಪರದೆಯಿಂದ ಮಾಯವಾಯಿತು.

ಹೊರಗೆ ಲಿಂಗಸುಗೂರಿನ ಬಸ್ಸಿನ ಕಂಡಕ್ಟರು ಕೂಗುತ್ತಿದ್ದ. ಮಾಸ್ತರ ಮುಖ ಬಿಳಿಚಿಕೊಂಡಿತ್ತು. ಶಿವಕಾಂತಪ್ಪ ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು ಇನ್ನೇನು ಏಳುವವರಿದ್ದರು. ಆಗ ಚನ್ನವೀರ ಕೇಳಿದ.

"ಅದು ನನಗ ಯಾಕ ಹೆಸರು ಹುಡುಕಲಿಲ್ರಿ?"

ಅವನು ಅದನ್ನು ಜಗಳಕ್ಕೆ ಕೇಳಿದ್ದಲ್ಲ. ಲಿಂಗಸುಗೂರಿನಲ್ಲಿ ಕಂಪ್ಯೂಟರಿನ ದಣಿವಿನ ಬಗ್ಗೆ ಕೇಳಿದ ಹಾಗೆಯೇ, ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳಲು ಕೇಳಿದ್ದ.

"ಗಂಡಸರ ಹೆಸರೂ ಅದರಾಗ ಅದಾವ್ರಿ," ಎಂದಳು ಅಶ್ವಿನಿ. "ಎಲ್ಲಾ ಓದ್ತೈತಿ. ಗಂಡು ಅಂತ ತಿಳಿದ ಕೂಡ್ಲೆ ದಾಟಿ ಹೋಗ್ತೈತಿ. ಅರ್ಧಾ ಹೊತ್ತು ಅದಕ್ಕ ಹೋಗ್ತೈತಿ."

"ಯಾಕ ದಾಟ್ತೈತ್ರಿ ಮಾಸ್ತರ? ಶಾಸ್ತ್ರದಾಗ ಅಡ್ಡಿ ಐತೇನು?"

ಮಾಸ್ತರು ಕುರ್ಚಿಯನ್ನು ಅವನ ಕಡೆ ತಿರುಗಿಸಿದರು. "ಅಡ್ಡಿ ಐತಂತ ನಾ ಎಲ್ಲೂ ಓದಿಲ್ಲಪ್ಪಾ," ಎಂದರು. "ಬರಿಯೂವಾಗ ಆ ವಿಚಾರ ಬರ್ಲಿಲ್ಲ ನನಗ. ಆಮ್ಯಾಲೆ ಯಾರೂ ಕೇಳಲೂ ಇಲ್ಲ."

"ಏ ಹುಚ್ಚ, ಗಂಡಸಿನ ಹೆಸರು ಬದ್ಲಿ ಮಾಡೋದು ಎಲ್ಲೈತಲೇ?" ಶಿವಕಾಂತಪ್ಪ ಮಗನನ್ನು ಗದರಿಸಿದರು. "ನಿನ್ನ ನೌಕರಿ ಕಾಗದ, ಆಧಾರು, ಬ್ಯಾಂಕು? ಮಂದಿ ಏನಂತಾರ?"

"ಆಕೀಗೂ ಕಾಗದ ಅದಾವಲ್ಲಪ್ಪಾ. ನೌಕರಿನೂ ಐತಿ," ಎಂದ ಚನ್ನವೀರ. ನಕ್ಕೇ ಹೇಳಿದ, ಆದರೆ ಹೇಳಿದ ಮೇಲೆ ತನ್ನ ಮಾತಿನ ಭಾರ ತನಗೇ ತಿಳಿದಂತೆ ನಗು ನಿಂತಿತು. "ಹಾಕಿ ನೋಡ್ರಿ ಮಾಸ್ತರ. ನೋಡಾಕೇನೈತಿ," ಎಂದ.

ಬಾಗಿಲಲ್ಲಿದ್ದ ಶೇಖರಮ್ಮ ಒಳಗೆ ಬಂದು ಬೆಂಚಿನ ತುದಿಗೆ ಕೂತಳು. ಬೀಗರ ಸಮ ಅವಳು ಹಾಗೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಮಾಸ್ತರು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. ಅಶ್ವಿನಿ ಸಾಲು ತೋರಿಸಿದಳು. ಗಂಡಾದರೆ ದಾಟು ಎಂಬಲ್ಲಿ ಹೆಣ್ಣಾದರೆ ದಾಟು ಎಂದು ಮಾಡಿದರು. ಇಟ್ಟು ನೋಡುವ ಹೆಸರು ವಧುವಿನ ಬದಲು ವರನ ಜಾಗಕ್ಕೆ ಬರುವಂತೆ ಇನ್ನೊಂದು ಸಾಲು ತಿದ್ದಿದರು. ಇಷ್ಟು ವರ್ಷ ಇದ್ದದ್ದು ಎರಡು ಸಾಲಿನಲ್ಲಿ ಬದಲಾದದ್ದು ಅವರಿಗೇ ನಂಬಿಕೆಯಾಗದೆ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

"ಮಾಸ್ತರ," ಎಂದರು ಶಿವಕಾಂತಪ್ಪ. ಅವರು ಎದ್ದಿರಲಿಲ್ಲ. ದನಿ ಇಳಿದಿತ್ತು. "ಅದರಾಗ ಎಲ್ಲಾರ ಹೆಸರು ಅದಾವೇನು?"

"ನನಗ ಗೊತ್ತಿದ್ದಷ್ಟು ಅದಾವ್ರಿ."

"ರುದ್ರಮುನಿ ಅಂತ ಐತೇನು?"

ಮಾಸ್ತರು ಹುಡುಕಿ ತಲೆಯಾಡಿಸಿದರು. "ಇಲ್ರಿ."

"ನಮ್ಮಪ್ಪನ ಹೆಸರದು," ಎಂದು ಶಿವಕಾಂತಪ್ಪ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಹುಡುಗಗ ಅದನ್ನ ಇಡಬೇಕಂತಿತ್ತು ಅವಾಗ. ನನ್ನ ಹೇಣ್ತಿ ತವರಿನವ್ರು ಕೇಳಲಿಲ್ಲ. ಹಾಕ್ರಿ ಅದನ್ನೂ. ಹೆಂಗೂ ನೋಡಾಕತ್ತೀರಲ್ಲ."

ಮಾಸ್ತರು ಅದನ್ನೂ ಸೇರಿಸಿ ಎಂಟರ್ ಒತ್ತಿದರು. ಗೆರೆ ಎದ್ದಿತು. ಇಪ್ಪತ್ತೈದಕ್ಕೆ ಹೋಗಿ ನಿಂತಿತು. ಚನ್ನವೀರ ತನ್ನ ಕುರ್ಚಿ ಎಳೆದುಕೊಂಡು ಅಶ್ವಿನಿಯ ಹಿಂದೆ ಬಂದು ಕೂತ.

"ಎಷ್ಟೊತ್ತು ಹಿಡೀತೈತ್ರಿ?" ಎಂದು ಕೇಳಿದ.

"ಗೊತ್ತಿಲ್ರಿ," ಎಂದಳು ಅಶ್ವಿನಿ. "ಈ ಕಡಿಂದ ಓಡಿಸಿದ್ದು ಇದ ಮೊದಲ್ನೇ ಸಲ. ಇನ್ನಾ ಯಾರೂ ಅಳದಿಲ್ಲ."

ಐದೂ ಜನ ಪರದೆಯ ಮೂಲೆಯಲ್ಲಿದ್ದ ಆ ಗೆರೆಯನ್ನು ನೋಡುತ್ತ ಕೂತರು.